ನಿಮಿಷಕ್ಕೆ ನಲವತ್ನಾಲ್ಕು

ನಾಡಿ ಎಣಿಸುವುದನ್ನು ನನಗೆ ಕಲಿಸಿದವರು ಬಂಗಾರಪೇಟೆಯ ಡಾಕ್ಟರಮ್ಮ. ಹೆಬ್ಬೆರಳು ಇಡಬೇಡಿ, ಅದಕ್ಕೆ ಅದರದೇ ಬಡಿತ ಇರುತ್ತೆ, ಅತ್ತೆಯ ನಾಡಿ ಅಂದುಕೊಂಡು ನಿಮ್ಮದನ್ನೇ ಎಣಿಸಿಕೊಂಡು ಕೂರ್ತೀರ ಎಂದರು. ಮೊದಲೆರಡು ಬೆರಳು, ಹೆಬ್ಬೆರಳಿನ ಬುಡದ ಕೆಳಗೆ, ಹಗುರವಾಗಿ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ. ಅತ್ತೆಯ ಬಡಿತಕ್ಕೆ ಲಯವಿಲ್ಲ, ಎರಡು ಬಿರುಸಾಗಿ ಬಂದು ಮೂರನೆಯದು ತಡವರಿಸುತ್ತೆ, ಆದ್ದರಿಂದ ಪೂರ್ತಿ ಒಂದು ನಿಮಿಷ ಎಣಿಸಲೇಬೇಕು ಎಂದರು. ನಾನು ಅಲ್ಲೇ ಕೂತು ಎಣಿಸಿ ತೋರಿಸಿದೆ. ತೊಂಬತ್ತೆಂಟು. ಡಾಕ್ಟರಮ್ಮ ಕೊಳವೆ ಎದೆಗಿಟ್ಟು ಎಣಿಸಿ ನೂರೆರಡು ಅಂದರು. ನಾಲ್ಕು ನನ್ನ ಬೆರಳಿಗೆ ಸಿಕ್ಕಿರಲಿಲ್ಲ.

ಅದಕ್ಕೂ ವಾರದ ಹಿಂದೆ ಅತ್ತೆಗೆ ಕಾಲು ಊದಿಕೊಂಡು, ಎರಡು ಹೆಜ್ಜೆ ನಡೆದರೆ ಉಸಿರು ಕಟ್ಟಿ, ಅಲ್ಲೇ ಸೇರಿಸಿದ್ದೆವು. ಅವರು ಇದ್ದದ್ದು ಬಂಗಾರಪೇಟೆ ಪಕ್ಕದ ನಮ್ಮ ಹಳ್ಳಿಯಲ್ಲಿ, ಭಾವನ ಮನೆಯಲ್ಲಿ. ಓರಗಿತ್ತಿಗೆ ಹೊತ್ತು ಹುಟ್ಟುವ ಮೊದಲೇ ಹಸು, ಎಮ್ಮೆ, ಡೇರಿ. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡಲು ಆಗುವುದಿಲ್ಲವೆಂದು ಅತ್ತೆಯನ್ನು ಊರಿಗಾಂನ ನಮ್ಮ ಲೈನು ಮನೆಗೆ, ಚಿನ್ನದ ಗಣಿಯವರು ಕಟ್ಟಿಸಿದ ಸಾಲುಮನೆಗೆ, ಕರೆದುಕೊಂಡು ಹೋಗುವುದೆಂದು ಮಾತಾಯಿತು. ಓರಗಿತ್ತಿ ಒಪ್ಪಿದಳು. ಮುಖ ಮಾತ್ರ ಒಪ್ಪಲಿಲ್ಲ.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿ ಮಾತ್ರೆಗಳ ವಿಷಯ ಹೇಳಿದರು.

"ಹಾಲು ಕರೀತೀರಲ್ಲ? ಗಡಿಬಿಡೀಲಿ ಕೆಚ್ಚಲು ಮೇಲೆ ಕೈ ಓಡಿಸಿದ್ರೆ ಹಾಲು ಇಳಿಯುತ್ತಾ?"

"ಇಳೀತೈತಾ? ಒದೀತೈತೆ," ಎಂದಳು ಓರಗಿತ್ತಿ.

"ಹೃದಯಾನೂ ಹಾಗೇ. ಇವರದು ಬರೀ ಓಡ್ತಿದೆ, ಹಿಂಡ್ತಿಲ್ಲ. ಈ ಮೊದಲನೇ ಮಾತ್ರೆ ಓಟ ತಗ್ಗಿಸುತ್ತೆ, ಅಷ್ಟೇ. ಈ ಚಿಕ್ಕದು ಡಿಗಾಕ್ಸಿನ್. ಇದು ಓಟ ತಗ್ಗಿಸಿ, ಹಿಂಡೋ ಶಕ್ತೀನೂ ಕೊಡುತ್ತೆ. ನಿಧಾನ, ಆದ್ರೆ ಬಿಗಿ. ಮೂರನೇದು ಮೈಯಲ್ಲಿ ನಿಂತಿರೋ ನೀರು ಇಳಿಸೋಕೆ."

"ಅಂಗಾದ್ರೆ ಈ ಮನೇಲಿ ಎಮ್ಮೆ ಕರಿಯೋಳು ನಾನೊಬ್ಳೇ," ಎಂದು ಓರಗಿತ್ತಿ ನನ್ನ ಕಡೆ ನೋಡಿದಳು. "ಇವ್ಳು ಪಾಕೀಟ್ ಆಲು ಕತ್ರಿಸೋಳು."

ಡಿಗಾಕ್ಸಿನ್ ಬಗ್ಗೆ ಡಾಕ್ಟರಮ್ಮ ಮೂರು ಸಲ ಎಚ್ಚರಿಸಿದರು. ವಾರಕ್ಕೆ ಐದೇ ದಿನ, ಶನಿವಾರ ಭಾನುವಾರ ಬಿಡಬೇಕು. ಕೊಡುವ ಮೊದಲು ನಾಡಿ ಎಣಿಸಬೇಕು. ಅರುವತ್ತಕ್ಕಿಂತ ಕಡಿಮೆ ಇದ್ದರೆ ಆ ದಿನ ಕೊಡಬಾರದು, ಫೋನು ಮಾಡಬೇಕು. ಗುಣ ಮಾಡುವ ಅಳತೆಗೂ ಕೆಡಿಸುವ ಅಳತೆಗೂ ನಡುವೆ ಈ ಮಾತ್ರೆಯಲ್ಲಿ ಹೆಚ್ಚು ಜಾಗವಿಲ್ಲ ಎಂದರು. ಕುಡಿಯುವ ನೀರಿಗೂ ಮಿತಿ: ದಿನಕ್ಕೆ ಒಂದು ಲೀಟರಿನ ಬಾಟಲಿ, ಅದರ ಮೇಲೆ ಒಂದೇ ಲೋಟ.

ಅದೊಂದು ಸೋಮವಾರ. ಅತ್ತೆ ತಮ್ಮ ಕಾಲ ಮೇಲೆ ನಡೆದು ನಮ್ಮ ಹೊಸ್ತಿಲು ದಾಟಿದರು. ಅವರನ್ನು ಆಸ್ಪತ್ರೆಗೆ ಸೇರಿಸಿದ್ದಾಗಲೇ ಈಶ್ವರನಿಗೆ ಹರಕೆ ಹೊತ್ತಿದ್ದೆ. ಜೀವಸಹಿತ ಮನೆಗೆ ಬಂದರೆ ಒಂದು ಮಂಡಲ, ನಲವತ್ತೆಂಟು ದಿನ, ದೇವರಮನೆಯ ಪುಟ್ಟ ಲಿಂಗಕ್ಕೆ ನನ್ನ ಕೈಯಾರೆ ಅಭಿಷೇಕ ಮಾಡಿ ತೀರ್ಥ ಕೊಡುತ್ತೇನೆ ಎಂದು. ನಮ್ಮ ಲೈನಿನ ನಲ್ಲಿಯ ಪಕ್ಕ ಕೆಂಪು ಕಣಗಿಲೆ ಗಿಡವಿದೆ. ಬೇಸಿಗೆಯಲ್ಲೂ ಬಾಡುವುದಿಲ್ಲ. ಶಿವನಿಗೆ ಕಣಗಿಲೆ ಎಂದರೆ ಪ್ರೀತಿ ಎಂದು ನಮ್ಮಮ್ಮ ಹೇಳುತ್ತಿದ್ದಳು. ಸಂಜೆ ಗೊಂಚಲು ಮುರಿದು ತಂದು, ಬೆಳಿಗ್ಗೆಯವರೆಗೂ ಹಸಿಯಾಗಿರಲೆಂದು ತಾಮ್ರದ ಚೊಂಬಿನ ನೀರಿನಲ್ಲಿ ನಿಲ್ಲಿಸುತ್ತಿದ್ದೆ. ಬೆಳಿಗ್ಗೆ ಹೂವು ದೇವರ ತಲೆಗೆ, ನೀರು ಅಭಿಷೇಕಕ್ಕೆ. ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಬೀಸಿದರೆ ನಮ್ಮ ಕಡೆ ಧೂಳು ಹೆಚ್ಚು. ಅದು ಬೀಳಬಾರದೆಂದು ಚೊಂಬಿಗೆ ಮಡಿಬಟ್ಟೆ ಕಟ್ಟಿಡುತ್ತಿದ್ದೆ.

ಮೊದಲ ದಿನವೇ ಅತ್ತೆ ಒಂದು ಮಾತು ಹೇಳಿದರು.

"ನೀರು ಅಳ್ತೆ ಮಾಡವ್ಳೆ ಆ ಡಾಕ್ಟ್ರು. ಮೊದ್ಲನೇ ಲೋಟ ದೇವ್ರುದೇ ಆಗ್ಲಿ ಕಣಮ್ಮಿ. ಮಾತ್ರೇನೂ ಅದ್ರಲ್ಲೇ ನುಂಗ್ತೀನಿ."

ನನಗೆ ಕಣ್ಣಲ್ಲಿ ನೀರು ಬಂತು. ಬಾಟಲಿಯ ಮೇಲಿನ ಆ ಒಂದು ಲೋಟ ತೀರ್ಥಕ್ಕೇ ಎಂದು ಗೊತ್ತುಮಾಡಿದೆ. ನಾನು ಒಂದು ಉದ್ಧರಣೆಯಷ್ಟು ತೆಗೆದುಕೊಳ್ಳುತ್ತಿದ್ದೆ. ನಮ್ಮ ಯಜಮಾನರು ಪೂಜೆಗೆ ಮೊದಲೇ ಬೆಂಗಳೂರಿನ ರೈಲು ಹಿಡಿದಿರುತ್ತಿದ್ದರು. ಅಲ್ಲೊಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವರ ಕೆಲಸ.

ಅವರ ಹಳೆಯ ಕೈಗಡಿಯಾರಕ್ಕೆ ಸೆಕೆಂಡಿನ ಮುಳ್ಳಿತ್ತು. ಅದನ್ನು ಮಂಚದ ಪಕ್ಕದ ಕಿಟಕಿಯಲ್ಲಿಟ್ಟೆ. ಒಂದು ನೋಟ್‌ಬುಕ್ಕಿಗೆ ಗೀಟು ಹಾಕಿ ತಾರೀಖು, ನಾಡಿ, ತೂಕ, ಕಾಲಿನ ಊತ ಎಂದು ಬರೆದೆ. ಮೊದಲ ವಾರದ ಕೊನೆಗೆ ನಾಡಿ ಎಂಬತ್ತೆರಡು. ಎರಡನೆಯ ವಾರ ಎಪ್ಪತ್ತು. ಪಾದದ ಮೇಲೆ ಬೆರಳೊತ್ತಿದರೆ ಕುಳಿ ಬೀಳುತ್ತಿರಲಿಲ್ಲ. ಅತ್ತೆ ಎದ್ದು ನಲ್ಲಿಯವರೆಗೆ ನಡೆದು ಪಕ್ಕದ ತಮಿಳರ ಮನೆಯ ಕೋಲದ ರಂಗೋಲಿಗೆ ಹೆಸರಿಟ್ಟು ಬಂದರು. ಅಷ್ಟು ಸಾಕಿತ್ತು ನನಗೆ, ದೇವರು ದೊಡ್ಡವನು ಎಂದುಕೊಂಡೆ.

ಹದಿನೈದನೆಯ ದಿನ ಇನ್ನೊಂದು ಗಮನಿಸಿದೆ. ತಡವರಿಸುತ್ತಿದ್ದ ಬಡಿತ ಸರಿಹೋಗಿತ್ತು. ಟಕ್, ಟಕ್, ಟಕ್, ಗಡಿಯಾರದ ಮುಳ್ಳಿನ ಹಾಗೆ ಒಂದೇ ಸಮ. ನೋಟ್‌ಬುಕ್ಕಿನಲ್ಲಿ "ಲಯ ಸರಿಯಾಯಿತು" ಎಂದು ಬರೆದು ಪಕ್ಕದಲ್ಲಿ ಶಿವ ಶಿವ ಎಂದೂ ಬರೆದೆ. ಅದು ಈಗಲೂ ಇದೆ, ಹೊಡೆದುಹಾಕಿಲ್ಲ.

ಮರುದಿನ ಮಂಗಳವಾರ ನಾಡಿ ಐವತ್ತಾರು.

ಮೂರು ಸಲ ಎಣಿಸಿದೆ. ಮಾತ್ರೆ ಕೊಡಲಿಲ್ಲ. ಫೋನು ಮಾಡಿದೆ. ಡಾಕ್ಟರಮ್ಮ ಮೊದಲನೆಯ ಮಾತ್ರೆ ಪೂರ್ತಿ ನಿಲ್ಲಿಸಿ, ಡಿಗಾಕ್ಸಿನ್ ಅರ್ಧ ಮಾಡಿ ಎಂದರು. ಕಿಡ್ನಿಯದೂ ಪೊಟ್ಯಾಷಿಯಮ್ಮಿನದೂ ರಕ್ತ ಪರೀಕ್ಷೆ ಮಾಡಿಸಿ ಎಂದರು. ಅದೇ ದಿನ ಮಾಡಿಸಿದೆ. ವಯಸ್ಸಿಗೆ ತಕ್ಕಂತೆ ಕಿಡ್ನಿ ಸ್ವಲ್ಪ ನಿಧಾನ, ಉಳಿದದ್ದು ಸರಿಯಿದೆ ಎಂದು ಬಂತು.

ನನಗೆ ಅನುಮಾನ ಶುರುವಾದದ್ದು ಅಲ್ಲಿಂದ. ಅನುಮಾನ ಒಂದು ಕಡೆ ನಿಲ್ಲುವುದಿಲ್ಲ. ಮೊದಲು ಔಷಧಿ ಅಂಗಡಿಯ ಮೇಲೆ ಹೋಯಿತು. ಎರಡನೆಯ ಸಲ ತಂದ ಡಿಗಾಕ್ಸಿನ್ ಹಾಳೆಯ ಬಣ್ಣ ಬೇರೆ ಇತ್ತು. ಹಳೆಯ ಹಾಳೆ, ಹೊಸ ಹಾಳೆ ಎರಡನ್ನೂ ಹಿಡಿದು ಅಂಗಡಿಗೆ ಹೋದೆ.

"ಏನಮ್ಮಾ, ನಾನೇನು ವಿಷ ಮಾರ್ತೀನಾ?" ಅಂಗಡಿಯವರು ಕನ್ನಡಕ ಹಣೆಗೇರಿಸಿದರು. "ಕಂಪನಿ ಬೇರೆ, ಮದ್ದು ಒಂದೇ. ಓದಿ ಇಲ್ಲಿ, ಸಣ್ಣಕ್ಷರ. ಪಾಯಿಂಟ್ ಎರಡೈದು. ಅದ್ರಲ್ಲೂ ಓದಿ. ಪಾಯಿಂಟ್ ಎರಡೈದು. ಸಾಕಾ?"

"ಒಳಗಡೆ ಅಷ್ಟೇ ಇರುತ್ತೆ ಅಂತ ಏನು ಗ್ಯಾರಂಟಿ?"

"ಅಯ್ಯೋ ಕಡವುಳೇ! ಎಷ್ಟೋ ಜನಕ್ಕೆ ಕೊಟ್ಟಿದೀನಿ ಇದೇ ಬ್ಯಾಚು. ಎಲ್ಲಾರೂ ಬಂದು ನನ್ ಜೊತೆ ಜಗಳ ಆಡ್ತಾನೇ ಅವ್ರೆ, ಸತ್ತಿಲ್ಲ ಯಾರೂ."

ನಾಚಿಕೆಯಾಯಿತು. ಆದರೂ ಹೊಸ ಹಾಳೆ ವಾಪಸು ಕೊಟ್ಟು ಹಳೆಯ ಕಂಪನಿಯದೇ ತರಿಸಿಕೊಂಡೆ.

ಮರುದಿನ ಬುಧವಾರ ನಾನು ಹೊರಗಾದೆ. ನಮ್ಮ ಮನೆಯಲ್ಲಿ ಮುಟ್ಟಿನ ದಿನಗಳಲ್ಲಿ ಅಡುಗೆಮನೆಗೂ ದೇವರಮನೆಗೂ ಹೋಗುವುದಿಲ್ಲ. ಅತ್ತೆಯನ್ನು ಮುಟ್ಟುವುದೂ ಇಲ್ಲ. ನಾಲ್ಕನೆಯ ದಿನ ತಲೆಗೆ ನೀರು, ಐದನೆಯ ದಿನ ಪೂಜೆ. ಓರಗಿತ್ತಿ ಹಸುಗಳನ್ನು ಭಾವನಿಗೆ ಬಿಟ್ಟು ನಾಲ್ಕು ದಿನಕ್ಕೆಂದು ಬಂದಳು. ಮಾತ್ರೆ ಡಬ್ಬಿಯನ್ನು ನಾನು ಜಗುಲಿಯಿಂದಲೇ ವಿವರಿಸಿದೆ. ಅವಳು ಒಳಗೆ ನಾಡಿ ಎಣಿಸಿ ಕೂಗುತ್ತಿದ್ದಳು, ನಾನು ಹೊರಗೆ ಕೂತು ಬರೆಯುತ್ತಿದ್ದೆ.

"ಅರವತ್ತು ಕಣೇ!"

"ಪೂರ್ತಿ ನಿಮಿಷ ಎಣಿಸಿದ್ಯಾ ಅಕ್ಕಾ?"

"ಇಲ್ಲ, ಅರ್ಧ ನಿಮ್ಷ ಎಣಿಸಿ ಅರ್ಧ ನಿಮ್ಷ ನಿನ್ನ ಬೈಕೊಂಡೆ."

ಗುರುವಾರ ಅರುವತ್ತಾರು. ಶುಕ್ರವಾರ ಎಪ್ಪತ್ತು. ಆ ನಾಲ್ಕು ದಿನಗಳ ಪಕ್ಕ ನಾನು ಸಣ್ಣ ಸೊನ್ನೆ ಹಾಕಿದೆ, ನಾನು ಎಣಿಸಿದ್ದಲ್ಲ ಎಂಬ ಗುರುತಿಗೆ. ನಿಜ ಹೇಳಬೇಕೆಂದರೆ ಅವಳ ಲೆಕ್ಕವನ್ನು ನಾನು ನಂಬಲಿಲ್ಲ. ಅವಳು ಬಂದ ತಕ್ಷಣ ನಾಡಿ ಏರುವುದೆಂದರೇನು? ನನ್ನ ಮುಂದೆ ಹೆಚ್ಚುಗಾರಿಕೆಗೆ ಕೂಗುತ್ತಿದ್ದಾಳೆ ಅನಿಸಿತು. ಭಾನುವಾರ ಬೆಳಿಗ್ಗೆ, ಅವಳು ಊರಿಗೆ ಹೊರಟ ಮೇಲೆ, ಸ್ನಾನ ಮಾಡಿ ಮೊದಲು ನಾನೇ ಅತ್ತೆಯ ಕೈ ಹಿಡಿದು ಎಣಿಸಿದೆ. ಎಪ್ಪತ್ತೆರಡು. ಮಧ್ಯೆ ಮಧ್ಯೆ ಹಳೆಯ ಹಾಗೇ ತಡವರಿಸುತ್ತಿತ್ತು. ಅವಳು ಸುಳ್ಳು ಹೇಳಿರಲಿಲ್ಲ. ಲಯ ಮಾತ್ರ ಮತ್ತೆ ಕೆಟ್ಟಿದೆಯಲ್ಲ ಎಂದು ನೊಂದುಕೊಂಡು, ಬಿಟ್ಟುಹೋಗಿದ್ದ ಪೂಜೆಯನ್ನು ಮುಂದುವರಿಸಿದೆ.

ಆ ವಾರ ಅತ್ತೆ ಅನ್ನದ ತಟ್ಟೆ ದೂಡತೊಡಗಿದರು. ನಾಲಿಗೆಗೆ ರುಚಿಯಿಲ್ಲ, ಹೊಟ್ಟೆ ತೊಳಸುತ್ತದೆ ಎಂದರು. ಬುಧವಾರ ಮಧ್ಯಾಹ್ನ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಅನ್ನುಕ್ಕೆ ಯಾಕಮ್ಮಿ ಅರಿಸ್ನ ಆಕಿದ್ದೀಯ?"

"ಇಲ್ಲ ಅತ್ತೆ, ಬಿಳೀ ಅನ್ನ."

"ನಂಗ್ ಕಣ್ ಕಾಣಾಕಿಲ್ವಾ? ಏನೋ ಬೆರ್ಸಿದ್ದೀಯ." ಸಂಜೆ ದೀಪ ಹಚ್ಚಿದರೆ, "ದೀಪ್ದ ಸುತ್ತ ಅಳದಿ ಬಳೆ ಕಟ್ದಂಗೈತೆ," ಎಂದರು.

ಶುಕ್ರವಾರ ನಾಡಿ ಐವತ್ತೆಂಟು. ಫೋನು ಮಾಡಿದರೆ ಡಾಕ್ಟರಮ್ಮ ಊರಲ್ಲಿಲ್ಲ, ಸೋಮವಾರ ಬರುತ್ತಾರೆ ಎಂದರು ಅಲ್ಲಿನ ನರ್ಸು. ಡಾಕ್ಟರಮ್ಮನನ್ನು ಫೋನಿನಲ್ಲೇ ಕೇಳಿ, ಡಿಗಾಕ್ಸಿನ್ ಪೂರ್ತಿ ನಿಲ್ಲಿಸಿ, ತಲೆ ಸುತ್ತಿದರೆ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೋಗಿ, ಇಲ್ಲದಿದ್ದರೆ ಸೋಮವಾರ ಕರೆದುಕೊಂಡು ಬನ್ನಿ ಎಂದು ತಿಳಿಸಿದರು. ನಿಲ್ಲಿಸಿದೆ. ಬಡಿತ ತಗ್ಗಿಸುವ ಮಾತ್ರೆ ಈಗ ಒಂದೂ ಇರಲಿಲ್ಲ. ಇನ್ನು ನಾಡಿ ಏರಬೇಕು. ಶನಿವಾರ ಐವತ್ತೆರಡು. ಭಾನುವಾರ ನಲವತ್ತೆಂಟು. ಮಾತ್ರೆಯೇ ಇಲ್ಲದೆ ಇಳಿಯುತ್ತಿದೆ. ಮಾತ್ರೆ ಇಲ್ಲ, ಇನ್ನು ದೇವರೇ ಗತಿ ಎಂದು ಆ ಎರಡು ದಿನ ತೀರ್ಥವನ್ನು ಒಂದು ಲೋಟದ ಬದಲು ಒಂದೂವರೆ ಲೋಟ ಕೊಟ್ಟೆ.

ಯಜಮಾನರಿಗೆ ಹೇಳಿದರೆ, "ದಿಬ್ಬದ ಧೂಳಿರ್ಬೇಕು ಕಣೆ, ಸೈನೈಡು," ಎಂದರು. ಅವರು ಹುಟ್ಟಿದಾಗಿನಿಂದ ಎಲ್ಲಕ್ಕೂ ಧೂಳಿನ ಮೇಲೇ ಹೇಳುವುದು. ಧೂಳಾದರೆ ನಮಗೆಲ್ಲ ಆಗಬೇಕಲ್ಲ, ಅತ್ತೆಯೊಬ್ಬರಿಗೇ ಯಾಕೆ?

ಅವರ ಹೊಟ್ಟೆಗೆ ನನಗೆ ಗೊತ್ತಿಲ್ಲದ್ದು ಏನೋ ಹೋಗುತ್ತಿದೆ ಎಂದು ಖಚಿತವಾಯಿತು. ಭಾನುವಾರ ಮಧ್ಯಾಹ್ನ ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಪೊಟ್ಟಣ ಸಿಕ್ಕಿತು. ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಮಡಿಸಿದ ಕಂದು ಪುಡಿ.

"ಯಾರು ಕೊಟ್ರು ಇದನ್ನ?"

"ನಿಮ್ಮಕ್ಕ ಕೊಟ್ಟವ್ಳೆ. ಒಟ್ಟೆ ಉಬ್ಬರುಸ್ತೈತೆ ಅಂದೆ, ಒಂದು ಚಿಟ್ಕೆ ಬಾಯ್ಗಾಕೋ ಅಂದ್ಳು. ನಿಂಗೇಳ್ಬ್ಯಾಡ ಅಂತಾನೂ ಏಳವ್ಳೆ."

ಮೈ ಉರಿಯಿತು. ಅಲ್ಲೇ ಫೋನು ಹಚ್ಚಿದೆ.

"ಅಕ್ಕಾ, ಏನದು ಪುಡಿ? ಯಾವ ನಾಟಿ ಔಷಧಿ ತಿನ್ನಿಸ್ತಿದ್ದೀಯ? ನಾಡಿ ನಲವತ್ತೆಂಟಕ್ಕೆ ಇಳಿದಿದೆ ಗೊತ್ತಾ?"

ಆ ಕಡೆಯಿಂದ ತಿರುಗಿ ಬಂತು.

"ನಾನಿದ್ ನಾಕ್ ದಿನ ನೆಟ್ಗಿದ್ರು. ಉಂಡ್ರು, ನಡುದ್ರು, ನನ್ನ ಬೈದ್ರೂನೂವೆ. ನೀನ್ ಒಳಿಕ್ ಬಂದ್ಮ್ಯಾಲೆ ಮಲ್ಗವ್ರೆ. ನೀನೇಳು, ನೀನೇನ್ ತಿನ್ನುಸ್ತಿದ್ದೀಯ?"

ಫೋನಿಟ್ಟೆ. ನಾಲ್ಕು ವಾರ ನೀರು ಅಳೆದು, ಉಪ್ಪು ಅಳೆದು, ತೂಕ ಬರೆದವಳಿಗೆ ಈ ಮಾತು. ಅವಳ ಪೊಟ್ಟಣವನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟು ಅವಳೆದುರಿಗೇ ಕೇಳಬೇಕೆಂದು ಹಠ ಬಂತು. ಸಂಜೆ ಒಂದು ಬಟ್ಟೆ ಚೀಲ ತೆಗೆದುಕೊಂಡು ಅತ್ತೆಯ ಬಾಯಿಗೆ ಹೋಗುವುದೆಲ್ಲವನ್ನೂ ತುಂಬಿದೆ. ಮಾತ್ರೆ ಹಾಳೆಗಳು, ಉಪ್ಪಿನ ಡಬ್ಬಿ, ರಾಗಿ ಹಿಟ್ಟು, ನೀರಿನ ಬಾಟಲಿ, ನೋಟ್‌ಬುಕ್ಕು, ಎಲ್ಲದರ ಮೇಲೆ ಆ ಪೊಟ್ಟಣ. ಚೊಂಬು ನೆನಪಾಗಲೂ ಇಲ್ಲ. ದೇವರ ಚೊಂಬನ್ನು ಯಾರು ಚೀಲಕ್ಕೆ ಹಾಕುತ್ತಾರೆ?

ಸೋಮವಾರ ಬೆಳಿಗ್ಗೆ ನಾಡಿ ನಲವತ್ನಾಲ್ಕು. ಕಟ್ಟುನಿಟ್ಟಾಗಿ ಒಂದೇ ಸಮ. ಅತ್ತೆ ಎದ್ದು ಕೂತವರು ಹಾಗೇ ಗೋಡೆಗೆ ವಾಲಿದರು. ಆ ದಿನ ಪೂಜೆಯೂ ಮಾಡಲಿಲ್ಲ. ಯಜಮಾನರು ಕೆಲಸಕ್ಕೆ ಹೋಗಲಿಲ್ಲ. ಆಟೋದಲ್ಲಿ ನಮ್ಮಿಬ್ಬರ ನಡುವೆ ಕೂರಿಸಿಕೊಂಡು ಬಂಗಾರಪೇಟೆಗೆ ಹೋದೆವು. ದಾರಿಯುದ್ದಕ್ಕೂ ನನ್ನ ಎರಡು ಬೆರಳು ಅವರ ಮಣಿಕಟ್ಟಿನ ಮೇಲೇ ಇದ್ದವು. ಎರಡು ಬಡಿತದ ನಡುವೆ ಎಷ್ಟು ಜಾಗವಿತ್ತೆಂದರೆ, ಪ್ರತಿ ಸಲವೂ ಇನ್ನು ಬರುವುದಿಲ್ಲವೇನೋ ಅನ್ನಿಸಿ ಆಮೇಲೆ ಬರುತ್ತಿತ್ತು.

ಸುದ್ದಿ ತಿಳಿದು ಓರಗಿತ್ತಿ ಆಸ್ಪತ್ರೆಯ ಬಾಗಿಲಲ್ಲೇ ನಿಂತಿದ್ದಳು. ಅತ್ತೆಯ ಇನ್ನೊಂದು ತೋಳು ಹಿಡಿದಳು.

ನರ್ಸು ಇ.ಸಿ.ಜಿ. ತೆಗೆದರು. ಹಾಳೆ ನೋಡಿ ಡಾಕ್ಟರಮ್ಮ ಕೂತಲ್ಲಿಂದ ಎದ್ದರು. ಬಡಿತ ತೋರಿಸುವ ಯಂತ್ರಕ್ಕೆ ತಂತಿ ಜೋಡಿಸಿ, ಕೈಗೆ ಸೂಜಿ ಹಾಕಿಸಿ, ಆಂಬುಲೆನ್ಸಿಗೆ ಹೇಳಿಕಳಿಸಿ, ಒಂದು ಇಂಜೆಕ್ಷನ್ ಕೊಟ್ಟರು. ಆಮೇಲೆ ನನ್ನನ್ನು ನೋಡಿದ ನೋಟ ಮರೆಯುವುದಿಲ್ಲ.

"ಡಿಗಾಕ್ಸಿನ್ ಎಷ್ಟು ಕೊಟ್ರಿ?"

"ಶುಕ್ರವಾರದಿಂದ ಕೊಟ್ಟೇ ಇಲ್ಲ ಡಾಕ್ಟ್ರೇ."

"ನಿಜ ಹೇಳಿ. ಹೆಚ್ಚಾಗಿದ್ರೂ ಪರವಾಗಿಲ್ಲ, ನಂಗೆ ಗೊತ್ತಾಗ್ಬೇಕು."

ಹಾಳೆಗಳನ್ನು ಮುಂದಿಟ್ಟೆ. ಅವರು ನೋಟ್‌ಬುಕ್ಕಿನ ತಾರೀಖು ಹಿಡಿದು ಖಾಲಿ ಗುಳಿಗಳನ್ನು ಎಣಿಸಿದರು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಅದೇ ಸಮಯ ಎಂದು ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟೆ. "ಇದು ನೋಡಿ. ನನಗೆ ಹೇಳದೆ ಕೊಟ್ಟಿರೋದು." ಓರಗಿತ್ತಿಯ ಕಡೆ ನೋಡಲಿಲ್ಲ.

ಡಾಕ್ಟರಮ್ಮ ಮೂಸಿದರು. ಬೆರಳಿಗೆ ಹಚ್ಚಿ ನಾಲಿಗೆಗಿಟ್ಟರು.

"ಶುಂಠಿ, ಜೀರಿಗೆ," ಎಂದರು.

"ಇನ್ನೇನಂದ್ಕಂಡ್ಳು? ಮಾಟ ಮಾಡ್ಸೀನಿ ಅಂತಾನಾ?" ಎಂದಳು ಓರಗಿತ್ತಿ.

ಡಾಕ್ಟರಮ್ಮ ನೋಟ್‌ಬುಕ್ಕಿನಿಂದ ಕಣ್ಣೆತ್ತಿರಲಿಲ್ಲ. "ಈ ನಾಲ್ಕು ದಿನದ ಪಕ್ಕ ಸೊನ್ನೆ ಯಾಕೆ? ಇಲ್ಲಿ ಮಾತ್ರ ನಾಡಿ ಏರಿದೆ."

"ನಾನು ಹೊರಗಿದ್ದೆ. ಅಕ್ಕ ಬಂದಿದ್ಲು."

"ಆಗ ಏನು ಬದಲಾಯ್ತು? ಅಡುಗೆ?"

"ಅದೇ ಸಪ್ಪೆ ಸಾರು," ಎಂದಳು ಓರಗಿತ್ತಿ.

"ಮಾತ್ರೆ?"

"ಇವ್ಳು ಒರಗಿಂದ ಏಳ್ದಂಗೇ ಕೊಟ್ಟೆ, ಬಿಸ್ನೀರಲ್ಲಿ."

"ಇವರು ಮಾಡೋದು, ನೀವು ಮಾಡ್ದೇ ಇದ್ದದ್ದು ಏನಾದ್ರೂ ಇದೆಯಾ?"

ಓರಗಿತ್ತಿ ಯೋಚಿಸಿದಳು. "ಪೂಜೆ ಮಾಡ್ನಿಲ್ಲ. ಅರಕೆ ಅವ್ಳುದು, ನಾನ್ಯಾಕೆ ಕೈ ಆಕ್ಲಿ? ದೀಪ ಅಚ್ಚಿ ಕೈ ಮುಗ್ದೆ. ತೀರ್ಥ ಗೀರ್ಥ ಏನೂ ಕೊಡ್ನಿಲ್ಲ."

ಆ ಕೋಣೆಯಲ್ಲಿ ಆ ಚೊಂಬಿನೊಳಗೆ ಏನಿರುತ್ತದೆ ಎಂದು ಗೊತ್ತಿದ್ದವಳು ನಾನೊಬ್ಬಳೇ. ಕಣಗಿಲೆ ಬೇರು ವಿಷ ಎಂದು ನಮ್ಮ ಕಡೆ ಮಕ್ಕಳಿಗೂ ಗೊತ್ತು, ನನಗೂ ಗೊತ್ತು. ಆದರೆ ದೇವರ ತಲೆಯ ಮೇಲಿನ ಹೂವನ್ನೂ ನೆಲದೊಳಗಿನ ಬೇರನ್ನೂ ಒಂದೇ ಗಿಡವೆಂದು ನಾನು ಯಾವತ್ತೂ ಸೇರಿಸಿ ನೋಡಿರಲಿಲ್ಲ. ಹೇಳದಿದ್ದರೂ ನಡೆಯುತ್ತಿತ್ತು. ಅತ್ತೆಯನ್ನು ಹೇಗೂ ಕೋಲಾರದ ದೊಡ್ಡ ಆಸ್ಪತ್ರೆಗೆ ಕಳಿಸುತ್ತಿದ್ದರು, ನಾನು ಮನೆಗೆ ಹೋಗಿ ಸದ್ದಿಲ್ಲದೆ ಚೊಂಬು ತೊಳೆದಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬಂದದ್ದು ಸುಳ್ಳಲ್ಲ. ಒಳಗಿನ ಯಂತ್ರ ಟಿಕ್ ಎಂದು, ಬಹಳ ಹೊತ್ತು ಸುಮ್ಮನಿದ್ದು, ಮತ್ತೆ ಟಿಕ್ ಎಂದಿತು.

"ಡಾಕ್ಟ್ರೇ, ತೀರ್ಥದ ನೀರಲ್ಲಿ ಸಂಜೆಯಿಂದ ಹೂವು ಇಟ್ಟಿರ್ತೀನಿ. ಎಲೆ ಸಮೇತ. ಆ ನೀರೇ ಒಂದು ಲೋಟ ಕೊಡ್ತೀನಿ. ಎರಡು ದಿನದಿಂದ ಒಂದೂವರೆ."

"ಯಾವ ಹೂವು?"

"ಕೆಂಪು ಕಣಗಿಲೆ."

ಅವರು ಪೆನ್ನು ಕೆಳಗಿಟ್ಟರು. ಓರಗಿತ್ತಿ ಹಣೆ ಚಚ್ಚಿಕೊಂಡಳು. "ಅಯ್ಯೋ ಪಾಪಿ, ಕಟ್ಟಾಕಿದ್ ಮ್ಯಾಕೆ ಕೂಡ ಬಾಯ್ ಆಕಾಕಿಲ್ವಲ್ಲೇ ಅದುಕ್ಕೆ!"

ಡಾಕ್ಟರಮ್ಮ ಬೈಯಲಿಲ್ಲ. ಕೋಲಾರದ ಆಸ್ಪತ್ರೆಗೆ ಫೋನು ಹಚ್ಚಿ ಎಲ್ಲವನ್ನೂ ಹೇಳಿದರು. ಆಮೇಲೆ ಆಂಬುಲೆನ್ಸ್ ಬರುವವರೆಗೆ ನಿಂತೇ ನನಗೆ ಹೇಳಿದರು. ಡಿಗಾಕ್ಸಿನ್ ಹುಟ್ಟಿದ್ದೂ ಒಂದು ಗಿಡದಿಂದಲೇ. ಕಣಗಿಲೆಯೊಳಗಿರುವುದು ಅದರ ದಾಯಾದಿ. ಅದೂ ಹೃದಯವನ್ನು ಬಿಗಿಯಾಗಿ ಹಿಂಡಿಸುತ್ತದೆ, ಅದೂ ಬಡಿತವನ್ನು ತಗ್ಗಿಸುತ್ತದೆ. ಆದರೆ ಮಾತ್ರೆಗೆ ಅಳತೆಯಿದೆ, ಚೊಂಬಿಗಿಲ್ಲ. ಮಾತ್ರೆ ಅರ್ಧವಾದರೂ, ನಿಂತರೂ, ಅದರ ಕೆಲಸ ಚೊಂಬಿನಿಂದ ನಡೆದೇ ಇತ್ತು. ನಿಧಾನವಾದ ಕಿಡ್ನಿ ಅದನ್ನು ಹೊರಗೆ ಹಾಕಲಾರದೆ ಕೂಡಿಟ್ಟಿತು. ಹಳದಿ ಕಂಡದ್ದೂ ಅನ್ನ ಸೇರದಿದ್ದದ್ದೂ ಅದರಿಂದಲೇ.

"ಲಯ ಸರಿಯಾಯ್ತು ಅಂತ ಬರೆದಿದ್ದೀರಲ್ಲ, ಅದೇ ಕೆಟ್ಟ ಸೂಚನೆ," ಎಂದರು. "ಹೃದಯದ ಮೇಲಿನ ಕೋಣೆಯ ಮಾತು ಕೆಳಗಿನ ಕೋಣೆಗೆ ಮುಟ್ಟೋದು ನಿಂತಿತ್ತು. ಕೆಳಗಿಂದು ತನ್ನಷ್ಟಕ್ಕೆ ತಾನು ಮೆಲ್ಲಗೆ ಬಡ್ಕೊಳ್ತಿತ್ತು. ಅದಕ್ಕೇ ಅಷ್ಟು ಒಂದೇ ಸಮ."

ಯಂತ್ರದ ಅಂಕಿ ಅಷ್ಟರಲ್ಲಿ ಐವತ್ತೆಂಟಕ್ಕೆ ಏರಿತ್ತು. ಕೊಟ್ಟ ಇಂಜೆಕ್ಷನ್ ಯಾವುದೆಂದು ಕೇಳಿದೆ. ಅಟ್ರೋಪಿನ್ ಎಂದರು, ಬಡಿತ ಏರಿಸುವಂಥದ್ದು, ಉಮ್ಮತ್ತಿ ಗಿಡದಲ್ಲೂ ಅದು ಇರುತ್ತದೆ ಎಂದರು. ಉಮ್ಮತ್ತಿಯೂ ಶಿವನ ಹೂವೇ. ನನ್ನ ಮುಖದಲ್ಲಿ ಏನು ಕಂಡರೋ, ತಕ್ಷಣ ಬೆರಳೆತ್ತಿದರು. "ನೋಡೀಮ್ಮ, ಅದನ್ನ ತೀರ್ಥಕ್ಕೆ ಹಾಕೀರ ಮತ್ತೆ!"

ಕೋಲಾರದಲ್ಲಿ ಆರು ದಿನ ಇದ್ದೆವು. ಮೊದಲ ಎರಡು ದಿನ ಅಂಕಿ ಏರುವುದು, ಇಳಿಯುವುದು, ಮತ್ತೊಂದು ಇಂಜೆಕ್ಷನ್. ರಕ್ತದಲ್ಲಿ ಡಿಗಾಕ್ಸಿನ್ ಎಷ್ಟಿದೆ ಎಂಬ ಪರೀಕ್ಷೆ ಬಂತು. ನಾಲ್ಕು ದಿನದಿಂದ ಮಾತ್ರೆಯೇ ಕೊಟ್ಟಿರಲಿಲ್ಲ, ಆದರೂ ಹೆಚ್ಚೇ ತೋರಿಸಿತು. ಆ ಪರೀಕ್ಷೆ ಹೂವಿನ ವಿಷವನ್ನೂ ಮಾತ್ರೆಯೆಂದೇ ಲೆಕ್ಕ ಹಿಡಿಯುತ್ತದಂತೆ. ಮೂರನೆಯ ದಿನ ನಾಡಿ ಮತ್ತೆ ತಡವರಿಸಿತು. ಎರಡು ಬಿರುಸು, ಒಂದು ತಡ. ಆ ಕೆಟ್ಟ ಲಯವನ್ನು ಬೆರಳಡಿ ಹಿಡಿದು ಕೂತು, ಅತ್ತೆಯ ಮುಂದೆಯೂ ಓರಗಿತ್ತಿಯ ಮುಂದೆಯೂ ಅತ್ತುಬಿಟ್ಟೆ. ಓರಗಿತ್ತಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಮೊದಲು ತಾನೊಂದು ಗುಟುಕು ಕುಡಿದು ನನಗೆ ಕೊಟ್ಟಳು.

"ಕುಡಿ. ಶುಂಠಿ ಕೂಡ ಆಕಿಲ್ಲ," ಎಂದಳು.

ಮನೆಗೆ ಬಂದ ದಿನ ಯಜಮಾನರು ಮಚ್ಚು ಹಿಡಿದು ನಲ್ಲಿಯ ಕಡೆ ಹೊರಟರು. ಅತ್ತೆ ಮಂಚದಿಂದಲೇ ಕೂಗಿದರು. "ಲೇ, ಗಿಡ ಏನ್ಲಾ ಮಾಡ್ತು ನಿಂಗೆ? ಅದೇನ್ ನೆಡ್ಕೊಂಡ್ ಬಂದು ನನ್ ಬಾಯಾಗ್ ಬಿತ್ತಾ?" ಗಿಡ ಉಳಿಯಿತು. ಹೂವು ಈಗಲೂ ಲಿಂಗದ ತಲೆಗೆ ಏರುತ್ತದೆ, ನೀರಿಗೆ ಮಾತ್ರ ಇಳಿಯುವುದಿಲ್ಲ. ಕೈ ತೊಳೆದುಕೊಂಡು ಬೇರೆ ಚೊಂಬು ಮುಟ್ಟುತ್ತೇನೆ. ಡಿಗಾಕ್ಸಿನ್ ನಿಲ್ಲಿಸಿದ್ದಾರೆ. ಓಟ ತಗ್ಗಿಸುವ ಮಾತ್ರೆಯೊಂದನ್ನೇ ಸಣ್ಣ ಪ್ರಮಾಣದಲ್ಲಿ ಮತ್ತೆ ಶುರುಮಾಡಿದ್ದಾರೆ, ನೀರಿನ ಮಾತ್ರೆ ಇದೆ. ನಾನು ನೋಟ್‌ಬುಕ್ಕು ಬರೆದಿದ್ದೆನಲ್ಲ, ನಾಲ್ಕು ಸೊನ್ನೆ ಹಾಕಿದ್ದೆನಲ್ಲ, ಅಷ್ಟರಮಟ್ಟಿಗೆ ದೇವರು ನನ್ನ ಕೈ ಬಿಟ್ಟಿರಲಿಲ್ಲ ಎಂದುಕೊಳ್ಳುತ್ತೇನೆ.

ಮಂಡಲದಲ್ಲಿ ಇನ್ನೂ ಅರ್ಧದಷ್ಟು ದಿನ ಬಾಕಿ ಇತ್ತು. ಬಿಡಲಿಲ್ಲ. ಮೊದಲ ದಿನ ಬರೀ ನಲ್ಲಿ ನೀರು ಕಾಯಿಸಿ ಆರಿಸಿ ಅಭಿಷೇಕ ಮಾಡಿ, ಅದನ್ನೇ ಲೋಟದಲ್ಲಿ ಹಿಡಿದು ಮಂಚದ ಹತ್ತಿರ ನಿಂತೆ. ಅತ್ತೆ ಲೋಟದೊಳಗೆ ಬಗ್ಗಿ ನೋಡಿದರು. ಮೂಸಿದರು. ನನ್ನ ಮುಖ ನೋಡಿದರು.

"ಏನಾಕಿದ್ದೀಯ?"

"ಏನೂ ಹಾಕಿಲ್ಲ ಅತ್ತೆ."

"ನೀನ್ ಕುಡಿ ಮೊದ್ಲು."

ಅರ್ಧ ಲೋಟ ಕುಡಿದೆ. ಅವರು ಕಿಟಕಿಯ ಕೈಗಡಿಯಾರದ ಕಡೆ ನೋಡುತ್ತ, ಮುಳ್ಳು ಒಂದು ಸುತ್ತು ಬರುವವರೆಗೂ ಕಾದರು. ಆಮೇಲೆ ಉಳಿದದ್ದನ್ನು ಕಣ್ಣಿಗೊತ್ತಿಕೊಂಡು ಕುಡಿದರು. ಅಂದಿನಿಂದ ದಿನವೂ ಹೀಗೇ. ಮೊದಲು ನಾನು, ಆಮೇಲೆ ಅವರು, ಆಮೇಲೆ ಕೈ ಚಾಚುತ್ತಾರೆ.

ಇವತ್ತು ಬೆಳಿಗ್ಗೆ ಎಣಿಸಿ, "ಎಪ್ಪತ್ನಾಲ್ಕು," ಎಂದೆ.

"ಇನ್ನೊಂದ್ ಕಿತ ಎಣ್ಸು," ಎಂದರು.